ಧ್ವನಿವರ್ಧಕದೊಳಗಿನ ಬೇಡದ ಸದ್ದು

ಮೈಕ್ರೊಫೋನಿನ ಪರಿಚಯವಿಲ್ಲದವರು ಇಂದು ವಿರಳ. ಮದುವೆಯ ಚಪ್ಪರದಲ್ಲಿ, ರಾಮೋತ್ಸವದ ಕಛೇರಿಯಲ್ಲಿ, ಸಭೆಯ ವೇದಿಕೆಯ ಮೇಲೆ ನಾವೆಲ್ಲರೂ ಅದನ್ನು ಕಂಡಿದ್ದೇವೆ. ಭಾಷಣಕಾರರು ಬಾಯಿ ತೆರೆಯುವುದಕ್ಕೆ ಮೊದಲೇ ಗುಂಯ್ ಎಂದು ಒಂದು ದನಿ ಹೊರಟು, ಅವರು ಕುಳಿತ ಮೇಲೂ ಅದು ನಿಲ್ಲದಿರುವುದನ್ನು ಕೇಳಿದ್ದೇವೆ. ಬಹುಮಂದಿ ಅದನ್ನು ಆ ಯಂತ್ರದ ಸ್ವಭಾವವೆಂದೇ ಎಣಿಸಿ ಸಹಿಸಿಕೊಳ್ಳುತ್ತಾರೆ. ಭೌತಶಾಸ್ತ್ರವನ್ನು ಪಾಠಹೇಳುವ ನಾನೂ ಹಾಗೆಯೇ ಸಹಿಸಿಕೊಂಡಿದ್ದೆನು. ಅದರ ಫಲವಾಗಿ ಮತ್ತೆ ದೊರೆಯದ ಒಂದು ವಸ್ತುವನ್ನು ಕಳೆದುಕೊಂಡೆನು. ಅದನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯ ಪೂರ್ವಕ್ಕೂ ಈಶಾನ್ಯಕ್ಕೂ ಹರಡಿವೆ. ಮಳೆ ಕಡಿಮೆ, ಬಯಲು ಹೆಚ್ಚು. ಚಳ್ಳಕೆರೆಗೆ ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ಹೆಸರು, ಮೊಳಕಾಲ್ಮೂರಿಗೆ ಕೈಮಗ್ಗದ ರೇಷ್ಮೆ ಸೀರೆಗಳಿಂದ ಹೆಸರು. ಆದರೆ ಈ ಸೀಮೆಯ ದೊಡ್ಡ ಆಸ್ತಿಯಿರುವುದು ಇಲ್ಲಿಯ ಜನರ ಬಾಯಲ್ಲಿ. ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆಯೊಡನೆ ಹಾಡುತ್ತಾರೆ. ಗಣೆಯೆಂಬುದು ಉದ್ದನೆಯ ಬಿದಿರ ಕೊಳಲು. ಅದರಲ್ಲಿ ಸ್ವರದೊಡನೆ ಊದುವವನ ಉಸಿರೂ ಕೇಳಿಸುತ್ತದೆ. ಮ್ಯಾಸಬೇಡರ ಹಬ್ಬಗಳಲ್ಲಿ ಉರುಮೆ ನುಡಿಯುತ್ತದೆ. ಅದರ ಚರ್ಮವನ್ನು ಕೋಲಿನಿಂದ ಉಜ್ಜಿದಾಗ ಹೊರಡುವ ನರಳುವ ದನಿಯನ್ನು ಒಮ್ಮೆ ಕೇಳಿದವರು ಮರೆಯಲಾರರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಸಂಗ್ರಹಿಸಿದುದರಿಂದ, ಓದುಬರಹ ಕಲಿತವರಿಗೆ ಅಂಥ ಒಬ್ಬರಿದ್ದರೆಂಬುದು ತಿಳಿಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಗೌರವವನ್ನಿತ್ತಿತು.

ಇದರಿಂದ ಹುರುಪುಗೊಂಡು ನಾನೂ ಕೆಲವು ವರ್ಷಗಳ ಹಿಂದೆ ಆ ಕಡೆಯ ಬೇರೊಂದು ಹಟ್ಟಿಗೆ ಹೋದೆನು. ಅಲ್ಲೊಬ್ಬ ವೃದ್ಧೆ ಎರಡು ಗಂಟೆಗಳ ಕಾಲ ಹಾಡಿದರು. ಅವರ ಕಡೆಯವರೊಬ್ಬರು ಗಣೆಯನ್ನೂದಿದರು. ಮೈಕ್ರೊಫೋನಿಗೆ ಬೇಕಾದ ಪುಟ್ಟ ಆಂಪ್ಲಿಫೈಯರನ್ನು ನಾನೇ ಕೈಯಾರೆ ಮಾಡಿದ್ದೆನು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದು ಚೊಕ್ಕವಾಗಿ ಕೆಲಸ ಮಾಡಿತ್ತು. ಹಟ್ಟಿಯಲ್ಲಿ ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಡುವವರ ಮುಂದೆ ಕಿವಿ ಮುಚ್ಚಿಕೊಂಡು ಕುಳಿತುಕೊಳ್ಳುವುದು ಅಗೌರವವೆಂದು ತೋರಿತು. ಮಟ್ಟ ತೋರಿಸುವ ಗೆರೆ ಏರಿಳಿಯುತ್ತಿದ್ದುದನ್ನು ಕಂಡು ತೃಪ್ತನಾದೆನು. ಊರಿಗೆ ಬಂದು ಕೇಳಿದರೆ, ಹಾಡಿನುದ್ದಕ್ಕೂ ಜುಂಯ್ ಎಂಬ ಸದ್ದು. ಗಣೆಯ ದನಿ ಅದರ ಕೆಳಗೆ ಹೂತುಹೋಗಿತ್ತು. ಮರುವರ್ಷ ಮತ್ತೆ ಮುದ್ರಿಸಿಕೊಳ್ಳೋಣವೆಂದು ಹೋದಾಗ ಆ ತಾಯಿ ಬದುಕಿರಲಿಲ್ಲ.

ಇಂದಿನ ಗಣಕಯಂತ್ರದಲ್ಲಿ ಆ ಸದ್ದನ್ನು ಅಳಿಸಿಬಿಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪಮಟ್ಟಿಗೆ ಅಳಿಸಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ಸುಯ್ಯೆಂಬ ಸದ್ದನ್ನು ಅಳಿಸುವ ಸೂತ್ರಕ್ಕೆ ಯಂತ್ರದ ಸುಯ್ಯಿಗೂ ಗಣೆಯೂದುವವನ ಉಸಿರಿಗೂ ಭೇದ ತಿಳಿಯದು. ಗುಂಯ್ಯೆಂಬುದನ್ನು ಅಳಿಸುವ ಸೂತ್ರವು ಉರುಮೆಯ ತಗ್ಗಿನ ದನಿಯನ್ನೂ ಕತ್ತರಿಸುತ್ತದೆ. ಅಲ್ಲದೆ ವಿದ್ಯುಜ್ಜಾಲದ ಕಂಪನವು ಸೆಕೆಂಡಿಗೆ ಸರಿಯಾಗಿ ೫೦ರಲ್ಲಿ ನಿಂತಿರುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು ೪೯.೯೦ರಿಂದ ೫೦.೦೫ರ ಒಳಗೆ ಇಡಬೇಕೆಂಬ ನಿಯಮವುಂಟು. ಎರಡು ಗಂಟೆಗಳಲ್ಲಿ ಅದು ಆಚೀಚೆ ಜರುಗುತ್ತಿರುವುದರಿಂದ, ಒಂದೇ ಕಡೆ ಇಟ್ಟ ಕತ್ತರಿ ಗುರಿ ತಪ್ಪುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಕಡೆಗಳಲ್ಲಿ ಅಶೋಕನ ಒಂದೇ ಶಾಸನದ ಪ್ರತಿಗಳಿವೆ. ಅವನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಒಂದು ಬಂಡೆಯ ಮೇಲೆ ಸವೆದುಹೋದ ಅಕ್ಷರವನ್ನು ಇನ್ನೊಂದರ ನೆರವಿನಿಂದ ಓದಬಹುದು. ಮುದುಕಿಯ ಹಾಡಿಗೆ ಅಂಥ ಎರಡನೆಯ ಪ್ರತಿಯಿರಲಿಲ್ಲ.

ಹಾಗಾದರೆ ಈ ಸದ್ದು ಎಲ್ಲಿಂದ ಬರುತ್ತದೆ? ಅದನ್ನು ಅರಿಯಬೇಕಾದರೆ ಮೈಕ್ರೊಫೋನು ಎಷ್ಟು ಬಡ ಪ್ರಾಣಿಯೆಂಬುದನ್ನು ಮೊದಲು ತಿಳಿಯಬೇಕು. ಸಾಧಾರಣವಾದ ಮೈಕ್ರೊಫೋನಿನ ಮುಂದೆ ಮೊಳದೂರದಲ್ಲಿ ಕುಳಿತು ಹಾಡಿದರೆ ಅದರಿಂದ ಹೊರಡುವ ವಿದ್ಯುತ್ತು ಹೆಚ್ಚೆಂದರೆ ಒಂದು ಮಿಲಿವೋಲ್ಟಿನ ಆಸುಪಾಸಿನದು, ಎಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು. ಮನೆಯ ಗೋಡೆಯಲ್ಲಿ ಹರಿಯುವುದು ೨೩೦ ವೋಲ್ಟು. ಎರಡು ಲಕ್ಷ ಪಟ್ಟಿಗೂ ಮಿಕ್ಕಿದ ಬಲವುಳ್ಳ ನೆರೆಯವನ ಪಕ್ಕದಲ್ಲಿ ಈ ಬಡಪಾಯಿ ತನ್ನ ಮಾತನ್ನು ನಡೆಸಬೇಕು. ಆಂಪ್ಲಿಫೈಯರು ಅದನ್ನು ಸಾವಿರ ಪಟ್ಟು ಹಿಗ್ಗಿಸಿ ಒಂದು ವೋಲ್ಟಿಗೆ ತರುತ್ತದೆ. ಆದರೆ ಹಿಗ್ಗಿಸುವ ಯಂತ್ರಕ್ಕೆ ತಾರತಮ್ಯವಿಲ್ಲ. ಹಾಡಿನೊಡನೆ ಹೊಕ್ಕುದೆಲ್ಲವನ್ನೂ ಸಾವಿರ ಪಟ್ಟು ಹಿಗ್ಗಿಸುತ್ತದೆ. ನೆರೆಯ ತಂತಿಯಿಂದ ಮಿಲಿವೋಲ್ಟಿನ ಹತ್ತನೆಯ ಒಂದು ಪಾಲು ಒಳಕ್ಕೆ ನುಸುಳಿದರೂ ಸಾಕು, ಹಾಡಿನ ಹತ್ತನೆಯ ಒಂದರಷ್ಟು ಅಪಸ್ವರ ಸಭೆಗೆಲ್ಲ ಕೇಳಿಸುತ್ತದೆ. ಆದಕಾರಣ ದೋಷವನ್ನು ಮುಂತುದಿಯಲ್ಲಿ, ಎಂದರೆ ಮೈಕ್ರೊಫೋನು, ಅದರ ತಂತಿ, ಮೊದಲನೆಯ ಘಟ್ಟ ಇವುಗಳಲ್ಲಿ ಹುಡುಕುವುದು ನ್ಯಾಯ.

ವೈದ್ಯನು ನಾಡಿಯನ್ನು ಹಿಡಿಯುವಂತೆ ನಾವು ಮೊದಲು ಸದ್ದಿನ ಜಾತಿಯನ್ನು ಗುರುತಿಸಬೇಕು. ಈ ಕೆಲಸಕ್ಕೆ ಕನ್ನಡದಷ್ಟು ಅನುಕೂಲವಾದ ಭಾಷೆ ಬೇರೊಂದಿದೆಯೇ ಎಂದು ನನಗೆ ಸಂಶಯ. ನಮ್ಮ ವೈಯಾಕರಣರು ಅನುಕರಣಾವ್ಯಯಗಳೆಂದು ಕರೆದು ಒಂದು ಮೂಲೆಗೆ ತಳ್ಳಿದ ಮಾತುಗಳೇ ಇಲ್ಲಿ ರೋಗಲಕ್ಷಣಗಳ ಪಟ್ಟಿಯಾಗುತ್ತವೆ. ಗುಂಯ್ ಎಂದು ತಗ್ಗಾಗಿ ತುಂಬಿಕೊಂಡಿರುವುದು ಸೆಕೆಂಡಿಗೆ ೫೦ ಕಂಪನಗಳ ಮನೆವಿದ್ಯುತ್ತು; ಇದು ಗಂಡಸರ ತಂಬೂರಿಯ ಮಂದ್ರ ತಂತಿಗಿಂತಲೂ ಕೆಳಗಿನ ಸ್ವರ. ಹೊರಗಿನ ತಂತಿಯಿಂದಲೋ ಭೂಸಂಪರ್ಕದ ಲೋಪದಿಂದಲೋ ಇದು ಬರುತ್ತದೆ. ಜುಂಯ್ ಎಂದು ಅದಕ್ಕಿಂತ ಒಂದು ಸ್ಥಾಯಿ ಮೇಲೆ, ಸ್ವಲ್ಪ ಮೊನಚಾಗಿ ಕೇಳಿಸಿದರೆ ಅದು ೧೦೦ ಕಂಪನಗಳದು. ಸರಬರಾಜಿನ ಪೆಟ್ಟಿಗೆಯಲ್ಲಿ ಏಕಮುಖ ಮಾಡಿದ ವಿದ್ಯುತ್ತು ಸಮತಟ್ಟಾಗದೆ ಉಳಿದ ಅಲೆ. ಸುಯ್ ಎಂದು ಒಂದೇ ಸಮನೆ ಗಾಳಿ ಬೀಸಿದಂತಿರುವುದು ಮೊದಲನೆಯ ಘಟ್ಟದ ಬಿಡಿಭಾಗಗಳದು. ಕರಕರ ಎಂದರೆ ಧೂಳು ಹಿಡಿದ ವಾಲ್ಯೂಮು ಗುಂಡಿ ಅಥವಾ ತುಕ್ಕು ಹಿಡಿದ ಪಿನ್ನು. ಚಟ್ ಚಟ್ ಎಂದು ಬಿಟ್ಟು ಬಿಟ್ಟು ಬಂದರೆ ಎಲ್ಲೋ ಒಂದು ಬೆಸುಗೆ ಒಣಗಿದೆ, ಇಲ್ಲವೇ ನೆರೆಯಲ್ಲಿ ಮೋಟಾರು ಹತ್ತಿ ಆರುತ್ತಿದೆ. ಕೀಯೆಂದು ಕಿವಿ ಸೀಳುವ ಕೂಗು ಮಾತ್ರ ಸರ್ಕೀಟಿನ ದೋಷವಲ್ಲ. ಲೌಡ್‌ಸ್ಪೀಕರಿನ ದನಿ ಮತ್ತೆ ಮೈಕನ್ನು ಹೊಕ್ಕು ಸುತ್ತುತ್ತಿರುವುದು ಅದರ ಕಾರಣ. ಸ್ಪೀಕರನ್ನು ಮೈಕಿನ ಮುಂದಕ್ಕೆ ಜರುಗಿಸಿ ಬೆನ್ನು ಮಾಡಿದರೆ ನಿಲ್ಲುತ್ತದೆ.

ಜಾತಿ ತಿಳಿದ ಮೇಲೆ ಸ್ಥಳ. ಇಲ್ಲಿ ಬಹುಮಂದಿ ಆತುರಪಟ್ಟು ಕೆಡುತ್ತಾರೆ. ಪೆಟ್ಟಿಗೆಯನ್ನು ಬಿಚ್ಚಿ, ಕಣ್ಣಿಗೆ ಕಂಡ ಕೆಪಾಸಿಟರನ್ನೆಲ್ಲ ಬದಲಾಯಿಸುವುದು ರೋಗವರಿಯದೆ ಔಷಧ ಕೊಟ್ಟಂತೆ. ನನ್ನ ಪದ್ಧತಿಯೆಂದರೆ ಹೊಲವನ್ನು ಎರಡು ಪಾಲು ಮಾಡಿ, ಕಳ್ಳನು ಯಾವ ಪಾಲಿನಲ್ಲಿದ್ದಾನೆಂದು ತಿಳಿದುಕೊಂಡು, ಆ ಪಾಲನ್ನು ಮತ್ತೆ ಎರಡು ಮಾಡುವುದು. ಮೇಲೆ ಹೇಳಿದ ನನ್ನ ಸ್ವಂತ ಯಂತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಊರಿಗೆ ಬಂದ ಮೇಲೆ, ಹಟ್ಟಿಯಲ್ಲಿ ಬಳಸಿದ ಸಾಮಗ್ರಿಯನ್ನೇ ಮೇಜಿನ ಮೇಲೆ ಹಾಗೆಯೇ ಹೂಡಿದೆನು. ಜುಂಯ್ ಎಂದು ಅದು ಅಲ್ಲಿಯೂ ಹಾಡಿತು. ವಾಲ್ಯೂಮು ಗುಂಡಿಯನ್ನು ಪೂರ್ತಿ ತಗ್ಗಿಸಿದೆನು, ಸದ್ದು ಮಾಯವಾಯಿತು. ಎಂದರೆ ಗುಂಡಿಯ ಹಿಂದಿನ ಭಾಗಗಳೆಲ್ಲವೂ ನಿರ್ದೋಷಿಗಳು, ಕಳ್ಳನು ಅದಕ್ಕೆ ಮುಂಚಿನ ಪಾಲಿನಲ್ಲಿದ್ದಾನೆ. ಗುಂಡಿಯನ್ನು ಏರಿಸಿ, ಮೈಕ್ರೊಫೋನನ್ನು ಕಳಚಿ, ಅದರ ಸ್ಥಳದಲ್ಲಿ ಸಂಕೇತದ ತಂತಿಯನ್ನೂ ನೆಲತಂತಿಯನ್ನೂ ಒಂದಕ್ಕೊಂದು ಕೂಡಿಸಿದ ಪಿನ್ನನ್ನು ಚುಚ್ಚಿದೆನು. ಮತ್ತೆ ಮೌನ. ಆದ್ದರಿಂದ ಆಂಪ್ಲಿಫೈಯರಿನ ಮೊದಲ ಘಟ್ಟವೂ ಶುದ್ಧ. ಉಳಿದದ್ದು ಮೈಕ್ರೊಫೋನು ಮತ್ತು ಅದಕ್ಕೆ ಆಹಾರವುಣಿಸುವ ದಾರಿ. ಕಡೆಗೆ ಗೋಡೆಯ ಅಡಾಪ್ಟರನ್ನು ಕಿತ್ತು ೯ ವೋಲ್ಟಿನ ಬ್ಯಾಟರಿಯನ್ನು ಜೋಡಿಸಿದೆನು. ಮೈಕ್ರೊಫೋನು ಇದ್ದರೂ ಸದ್ದಿಲ್ಲ! ಇಷ್ಟಕ್ಕೂ ಹಿಡಿದ ಹೊತ್ತು ಐದು ನಿಮಿಷ. ಈ ಐದು ನಿಮಿಷಗಳನ್ನು ಹಟ್ಟಿಯಲ್ಲಿಯೇ ವ್ಯಯಮಾಡಿದ್ದರೆ ಎಂಬ ವಿಚಾರ ಈಗಲೂ ನನ್ನನ್ನು ಬಿಟ್ಟಿಲ್ಲ.

ಕಾರಣವಿಷ್ಟು. ನಾನು ಬಳಸಿದ್ದು ಎಲೆಕ್ಟ್ರೆಟ್ ಎಂಬ ಜಾತಿಯ ಮೈಕ್ರೊಫೋನು. ೧೯೬೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಗೆರ್ಹಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್ ಎಂಬಿಬ್ಬರು ತೆಳುಹಾಳೆಯ ಎಲೆಕ್ಟ್ರೆಟ್ ಮೈಕ್ರೊಫೋನನ್ನು ರೂಪಿಸಿದರು. ಅಗ್ಗವೂ ಚಿಕ್ಕದೂ ಆದುದರಿಂದ ಅದು ಲೋಕವನ್ನೆಲ್ಲ ವ್ಯಾಪಿಸಿತು. ಅದರೊಳಗೆ ಒಂದು ಸಣ್ಣ ಟ್ರಾನ್ಸಿಸ್ಟರಿದೆ. ಅದಕ್ಕೆ ೨೨೦೦ ಓಮಿನಷ್ಟು ರೋಧದ ಮೂಲಕ ಹೊರಗಿನಿಂದ ವಿದ್ಯುತ್ತನ್ನು ಉಣಿಸಬೇಕು. ಉಣಿಸುವ ದಾರಿಯೂ ಹಾಡು ಹೊರಬರುವ ದಾರಿಯೂ ಒಂದೇ ಆದುದರಿಂದ, ಸರಬರಾಜಿನಲ್ಲಿರುವ ಅಲೆಯು ಬಹುಪಾಲು ಹಾಗೆಯೇ ಹಾಡಿನೊಡನೆ ಬೆರೆಯುತ್ತದೆ. ಪ್ರಯೋಗಶಾಲೆಯ ಸರಬರಾಜು ಸಮತಟ್ಟಾಗಿತ್ತು. ಪೇಟೆಯಲ್ಲಿ ಕೊಂಡ ಅಡಾಪ್ಟರಿನಲ್ಲಿ ಅಲೆಯಿತ್ತು. ಚಿಕಿತ್ಸೆ ಸುಲಭ. ಆ ರೋಧಕ್ಕಿಂತ ಮುಂಚೆ ೧೦೦೦ ಓಮಿನ ಇನ್ನೊಂದು ರೋಧವನ್ನು ಸೇರಿಸಿ, ಎರಡೂ ಕೂಡುವ ಸ್ಥಳದಿಂದ ನೆಲಕ್ಕೆ ೧೦೦ ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರನ್ನು ಕಟ್ಟಿದರೆ, ೧೦೦ ಕಂಪನದ ಅಲೆಯು ಅರುವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೆರೆಯ ನೀರನ್ನು ನೇರವಾಗಿ ತೂಬಿನಿಂದ ಗದ್ದೆಗೆ ಬಿಡದೆ ನಡುವೆ ಒಂದು ಮಡುವನ್ನು ತೋಡಿದಂತೆ. ಎರಡೂ ಬಿಡಿಭಾಗಗಳಿಗೆ ಕೂಡಿ ಹತ್ತು ರೂಪಾಯಿಯ ಖರ್ಚಿಲ್ಲ.

ಸರ್ಕೀಟಿನ ಒಳಗಣ ದೋಷವು ಹೀಗೆ ಸಿಕ್ಕಿಬೀಳುತ್ತದೆ. ಆದರೆ ಈ ಸೀಮೆಯಲ್ಲಿ ನಾನು ಕಂಡ ಅತ್ಯಂತ ವಿಚಿತ್ರವಾದ ಪ್ರಸಂಗದಲ್ಲಿ ದೋಷವು ಪೆಟ್ಟಿಗೆಯೊಳಗೆ ಇರಲೇ ಇಲ್ಲ, ನಮ್ಮ ಕಾಲಕೆಳಗಿನ ಮಣ್ಣಿನಲ್ಲಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಒಂದು ಊರಿನಲ್ಲಿ ಬಯಲಾಟ. ಬೇಸಗೆ. ಗುಡಿಯ ಮುಂದೆ ಕಬ್ಬಿಣದ ಕೊಳವೆಗಳಿಂದ ವೇದಿಕೆ ಕಟ್ಟಿದ್ದರು. ದೀಪಗಳಿಗೆ ವಿದ್ಯುತ್ತು ರಸ್ತೆಯಾಚೆಯ ಮಗ್ಗದ ಮನೆಯಿಂದ, ಆಂಪ್ಲಿಫೈಯರಿಗೆ ಗುಡಿಯಿಂದ. ಎರಡಕ್ಕೂ ಬೇರೆಬೇರೆ ಅರ್ತ್ ಗುಂಡಿಗಳು. ಮೈಕನ್ನು ಮುಂಭಾಗದ ಕೊಳವೆಗೆ ತಂತಿಯಿಂದ ಬಿಗಿದಿದ್ದರು. ಸಂಜೆ ಪರೀಕ್ಷೆ ಮಾಡಿದರೆ ಗುಂಯ್ ಎಂಬ ಸದ್ದು ಭಾಗವತರ ದನಿಯನ್ನು ನುಂಗಿತು. ಮೈಕ್‌ಸೆಟ್ಟಿನವನು ಅನುಭವಸ್ಥ. ಅರ್ತು ಒಣಗಿದೆಯೆಂದು ತೀರ್ಮಾನಿಸಿ, ಗುಡಿಯ ಪಕ್ಕದ ಗುಂಡಿಗೆ ಉಪ್ಪು ಬೆರಸಿದ ನೀರನ್ನು ಬಿಂದಿಗೆಗಟ್ಟಲೆ ಹೊಯ್ಯಿಸಿದನು. ಸದ್ದು ಕಡಿಮೆಯಾಗಲಿಲ್ಲ, ಹೆಚ್ಚಿತು! ನೀರು ಹೊಯ್ದಷ್ಟೂ ಬೆಳೆಯಿತು. ಅವನು ಬೇಸತ್ತು, “ಮೇಷ್ಟ್ರೇ, ಇದೆಲ್ಲ ಆಗೋದಲ್ಲ, ಮೂರನೇ ಪಿನ್ನು ಕಿತ್ತುಬಿಡ್ತೀನಿ, ತಾನೇ ಸುಮ್ಮನಾಗ್ತದೆ” ಎಂದು ಇಕ್ಕುಳವನ್ನು ಕೈಗೆತ್ತಿಕೊಂಡನು. ಅವನ ಮಾತು ಸುಳ್ಳಾಗಿರಲಿಲ್ಲ. ಪಿನ್ನು ಕಿತ್ತಿದ್ದರೆ ಸದ್ದು ನಿಲ್ಲುತ್ತಿತ್ತು. ಕೈಹಿಡಿದು ತಡೆಯಬೇಕಾಯಿತು. ಏಕೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ. ಶ್ರೋತೃಗಳು ತಾಳ್ಮೆಯಿಂದ ಕೇಳಬೇಕು.

ಭೂಮಿಯು ವಿದ್ಯುತ್ತಿಗೆ ದಾರಿ ಕೊಡುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ದಾರಿ ಕೊಡುವುದು ಮಣ್ಣಲ್ಲ, ಮಣ್ಣಿನೊಳಗಿನ ತೇವ ಮತ್ತು ಅದರಲ್ಲಿ ಕರಗಿದ ಲವಣ. ತೇವವುಳ್ಳ ಜೇಡಿಯಲ್ಲಿ ಮೂರು ಮೀಟರು ಉದ್ದದ ಕೊಳವೆಯನ್ನು ಹೂತರೆ ಅದರ ರೋಧ ಸುಮಾರು ೧೫ ಓಮು. ಅದೇ ಕೊಳವೆಯನ್ನು ಒಣಗಿದ ಮರಳುಮಿಶ್ರ ನೆಲದಲ್ಲಿ ಹೂತರೆ ೩೦೦ ಓಮಿನ ಹತ್ತಿರ ಹೋಗಬಹುದು. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಮೊಳಕಾಲ್ಮೂರಿನಲ್ಲಿ ಇದರ ಮೇಲೆ ಬಂಡೆ ಬೇರೆ. ಬೇಸಗೆಯಲ್ಲಿ ಅಲ್ಲಿಯ ಅರ್ತ್ ಗುಂಡಿಯೆಂಬುದು ಬಹುಮಟ್ಟಿಗೆ ಹೆಸರಿಗೆ ಮಾತ್ರ.

ಈಗ ವೇದಿಕೆಯ ದೀಪಗಳನ್ನು ನೋಡಿ. ಪ್ರತಿಯೊಂದು ದೀಪದಿಂದಲೂ ಅದರ ಲೋಹದ ಕವಚಕ್ಕೆ ಸ್ವಲ್ಪ ವಿದ್ಯುತ್ತು ಸೋರುತ್ತಿರುತ್ತದೆ. ಎಲ್ಲ ಸೇರಿ ಅಂದು ೨೦ ಮಿಲಿಆಂಪಿಯರ್ ಆಗಿತ್ತೆಂದಿಟ್ಟುಕೊಳ್ಳೋಣ. ಈ ಸೋರಿಕೆಯು ಕಬ್ಬಿಣದ ಕೊಳವೆಗೆ ಬಂದು, ಮಗ್ಗದ ಮನೆಯ ಅರ್ತಿನ ಮೂಲಕ ೩೦೦ ಓಮಿನ ನೆಲವನ್ನು ದಾಟಬೇಕು. ಅದರಿಂದ ಕೊಳವೆಯು ೬ ವೋಲ್ಟಿಗೆ ಏರುತ್ತದೆ. ಮೈಕಿನ ಕವಚವು ಕೊಳವೆಯನ್ನು ಮುಟ್ಟಿದೆ. ಮೈಕಿನ ತಂತಿಯ ಹೊರಜಾಲರಿಯು ಕವಚಕ್ಕೆ ಸೇರಿದೆ. ಜಾಲರಿಯ ಇನ್ನೊಂದು ತುದಿ ಆಂಪ್ಲಿಫೈಯರಿನ ಪೆಟ್ಟಿಗೆಗೂ, ಅಲ್ಲಿಂದ ಗುಡಿಯ ಅರ್ತಿಗೂ ಸೇರಿದೆ. ಸೋರಿಕೆಗೆ ಎರಡನೆಯ ದಾರಿಯೊಂದು ಸಿಕ್ಕಿದಂತಾಯಿತು. ಎರಡು ಗುಂಡಿಗಳೂ ಸಮನಾಗಿ ಒಣಗಿದ್ದರೆ ಅರ್ಧ ಪಾಲು, ಎಂದರೆ ೧೦ ಮಿಲಿಆಂಪಿಯರ್, ಜಾಲರಿಯಲ್ಲಿ ಹರಿಯುತ್ತದೆ. ಉದ್ದನೆಯ ಜಾಲರಿಯ ರೋಧ ಅರ್ಧ ಓಮೆಂದರೆ ಅದರ ಮೇಲೆ ೫ ಮಿಲಿವೋಲ್ಟು ಹುಟ್ಟುತ್ತದೆ. ಭಾಗವತರ ಹಾಡು ಒಂದು ಮಿಲಿವೋಲ್ಟು, ಗುಂಯ್ಯೆಂಬುದು ಐದು. ಹಾಡು ಮುಳುಗಿದುದರಲ್ಲಿ ಆಶ್ಚರ್ಯವೇನು? ಗುಡಿಯ ಗುಂಡಿಗೆ ನೀರು ಹೊಯ್ದಾಗ ಅದರ ರೋಧ ೫೦ ಓಮಿಗೆ ಇಳಿದಿರಬಹುದು. ಆಗ ಸೋರಿಕೆಯು ಮಗ್ಗದ ಮನೆಯ ಕಷ್ಟದ ದಾರಿಯನ್ನು ಬಿಟ್ಟು, ನಮ್ಮ ಜಾಲರಿಯ ಮೂಲಕವೇ ಸುಗಮವಾಗಿ ಹರಿಯತೊಡಗಿತು. ೧೦ ಇದ್ದದ್ದು ೧೭ ಆಯಿತು. ನೀರನ್ನು ಹೊಯ್ದದ್ದು ಸರಿ, ಗುಂಡಿ ಮಾತ್ರ ತಪ್ಪು.

ಇಷ್ಟೆಲ್ಲವನ್ನೂ ಅಲ್ಲಿಯೇ ನಿಂತು ಲೆಕ್ಕ ಹಾಕಿದೆನೆಂದು ಹೇಳಿದರೆ ಆತ್ಮಶ್ಲಾಘನೆಯಾದೀತು. ಅಲ್ಲಿ ನಾನು 'ಮಾಡಿದ್ದು' ಒಂದೇ ಕೆಲಸ: ಮೈಕನ್ನು ಕೊಳವೆಯಿಂದ ಬಿಚ್ಚಿ, ಒಣಬಟ್ಟೆಯಲ್ಲಿ ಸುತ್ತಿ ಗಾಳಿಯಲ್ಲಿ ಹಿಡಿಸಿದೆನು. ಸದ್ದು ಥಟ್ಟನೆ ನಿಂತಿತು. ಮೀಟರನ್ನು ಹಚ್ಚಿದಾಗ ಕೊಳವೆಗೂ ಆಂಪ್ಲಿಫೈಯರಿನ ಪೆಟ್ಟಿಗೆಗೂ ನಡುವೆ ೬ ವೋಲ್ಟಿನ ಅಂತರ ಕಂಡಿತು. ಉಳಿದ ಲೆಕ್ಕ ಬೆಳಗಿನ ಬಸ್ಸಿನಲ್ಲಿ ಹಾಕಿದ್ದು.

ಆರು ವೋಲ್ಟು ಯಾರನ್ನೂ ನೋಯಿಸದು. ಆದರೆ ಅದರ ಹಿಂದಿದ್ದ ಅಪಾಯವನ್ನು ನೋಡಿ. ಮಕ್ಕಳು ಆ ಕೊಳವೆಗಳಿಗೆ ಒರಗಿಕೊಂಡು ಕುಳಿತಿದ್ದರು. ಒಂದು ದೀಪದ ತಂತಿಯ ಹೊದಿಕೆ ಹರಿದು ೨೩೦ ವೋಲ್ಟು ನೇರವಾಗಿ ಕೊಳವೆಗೆ ತಗಲಿತೆಂದುಕೊಳ್ಳಿ. ಒಳ್ಳೆಯ ಅರ್ತಿದ್ದರೆ ದೊಡ್ಡ ಪ್ರವಾಹ ಹರಿದು ಫ್ಯೂಸು ಸುಟ್ಟುಹೋಗಿ ವಿದ್ಯುತ್ತು ನಿಲ್ಲುತ್ತದೆ. ೩೦೦ ಓಮಿನ ಅರ್ತಿನಲ್ಲಿ ಹರಿಯುವುದು ಮುಕ್ಕಾಲು ಆಂಪಿಯರ್ ಮಾತ್ರ. ೫ ಆಂಪಿಯರಿನ ಫ್ಯೂಸು ಅದನ್ನು ಗಮನಿಸುವುದೂ ಇಲ್ಲ. ಬಯಲಾಟ ನಡೆಯುತ್ತಲೇ ಇರುತ್ತದೆ, ವೇದಿಕೆಯ ಕಬ್ಬಿಣವೆಲ್ಲ ಕೊಲ್ಲುವ ವಿದ್ಯುತ್ತಿನಿಂದ ತುಂಬಿ ನಿಂತಿರುತ್ತದೆ. ಆಂಪ್ಲಿಫೈಯರಿನ ಮೂರನೆಯ ಪಿನ್ನನ್ನೂ ಕಿತ್ತಿದ್ದರೆ, ಕೊಳವೆಯ ಆ ವಿದ್ಯುತ್ತು ಮೈಕಿನ ಜಾಲರಿಯ ಮೂಲಕ ಆಂಪ್ಲಿಫೈಯರಿನ ಪೆಟ್ಟಿಗೆಗೂ ಬಂದು, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತ ಮೈಕ್‌ಸೆಟ್ಟಿನವನ ಮೂಲಕವೇ ಭೂಮಿಗಿಳಿಯುತ್ತಿತ್ತು. ಅಂದಿನ ಗುಂಯ್ಯೆಂಬ ಸದ್ದು ಅಪಸ್ವರವಾಗಿತ್ತೆಂಬುದು ನಿಜ; ಆ ಮೈದಾನದಲ್ಲಿ ಆ ಅಪಾಯವನ್ನು ಕೂಗಿ ಹೇಳುತ್ತಿದ್ದುದು ಅದೊಂದೇ.

ನಾವು ಮಾಡಿದ ಏರ್ಪಾಡು ಹೀಗಿತ್ತು. ದೀಪಗಳನ್ನು ಒಂದೊಂದಾಗಿ ಆರಿಸುತ್ತ ಮೀಟರನ್ನು ನೋಡಿದೆವು. ಸೋರಿಕೆಯ ಬಹುಭಾಗ ಒಂದೇ ಹಳೆಯ ದೀಪದ್ದೆಂದು ಗೊತ್ತಾಗಿ ಅದನ್ನು ಕೆಳಗಿಳಿಸಿದೆವು. ದೀಪಗಳನ್ನೂ ಆಂಪ್ಲಿಫೈಯರನ್ನೂ ಗುಡಿಯ ಒಂದೇ ಹಲಗೆಯಿಂದ ನಡೆಸಿದೆವು. ಎರಡಕ್ಕೂ ಅರ್ತು ಒಂದೇ ಆದಾಗ ಅವುಗಳ ನಡುವೆ ಅಂತರವಿರದು. ೩೦ ಮಿಲಿಆಂಪಿಯರ್ ಸೋರಿದೊಡನೆ ತಾನಾಗಿ ವಿದ್ಯುತ್ತನ್ನು ಕಡಿಯುವ ಬ್ರೇಕರೊಂದನ್ನು ಪಟ್ಟಣದಿಂದ ತರಿಸಿ ದೀಪಗಳ ದಾರಿಯಲ್ಲಿ ಹಾಕಿದೆವು. ಒಣನೆಲದ ಊರುಗಳಲ್ಲಿ ಫ್ಯೂಸನ್ನು ನಂಬದೆ ಇದನ್ನೇ ನಂಬಬೇಕು. ಮೈಕನ್ನು ರಬ್ಬರು ಸುತ್ತಿ ನೂಲಹಗ್ಗದಿಂದ ತೂಗಹಾಕಿದೆವು. ಆಟ ಬೆಳಗಿನವರೆಗೆ ನಡೆಯಿತು.

ಎರಡೆಳೆಯ ತಂತಿಗೆ ಬದಲಾಗಿ ಮೂರೆಳೆಯ ತಂತಿಯನ್ನು ಬಳಸಿದ್ದರೆ ಈ ಕಷ್ಟ ಬಹಳಮಟ್ಟಿಗೆ ತಪ್ಪುತ್ತಿತ್ತು. ಅದರಲ್ಲಿ ಹಾಡು ಎರಡು ಒಳತಂತಿಗಳಲ್ಲಿ ಹೋಗುತ್ತದೆ. ಜಾಲರಿ ಕೇವಲ ಹೊದಿಕೆ. ಆಂಪ್ಲಿಫೈಯರು ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಗ್ರಹಿಸುತ್ತದೆ. ತಕ್ಕಡಿಯ ಎರಡು ತಟ್ಟೆಗಳಿಗೂ ಸಮನಾಗಿ ಧೂಳು ಬಿದ್ದರೆ ಮುಳ್ಳು ಅಲುಗದಂತೆ, ಎರಡಕ್ಕೂ ಸಮನಾಗಿ ಹತ್ತಿದ ಗುಂಯ್ಯೆಂಬುದು ಕೇಳಿಸುವುದಿಲ್ಲ. ಇಂಥ ತಂತಿಯಲ್ಲಿ ಇನ್ನೂ ಸದ್ದಿದ್ದರೆ ಜಾಲರಿಯನ್ನು ಒಂದು ತುದಿಯಲ್ಲಿ ಬಿಡಿಸಬಹುದು. ಸಾಧಾರಣ ಮೈಕಿಗೆ ಅದರಿಂದ ಹಾನಿಯಿಲ್ಲ, ಜಾಲರಿಯ ಮೂಲಕ ವಿದ್ಯುತ್ತು ಪಡೆಯುವ ಜಾತಿಗೆ ಮಾತ್ರ ಕೂಡದು. ಗೋಡೆಯ ಅರ್ತನ್ನಂತೂ ಎಂದಿಗೂ ಬಿಡಿಸತಕ್ಕುದಲ್ಲ.

ಇನ್ನು ಸುಯ್ಯೆಂಬ ಸದ್ದು. ಇದನ್ನು ಪೂರ್ತಿಯಾಗಿ ನಿಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ. ಯಾವ ರೋಧದಲ್ಲಿಯೇ ಆಗಲಿ, ಅದು ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದರೂ, ಒಳಗಿನ ಎಲೆಕ್ಟ್ರಾನುಗಳು ಶಾಖದಿಂದ ಅಲೆದಾಡುತ್ತಿರುತ್ತವೆ. ಆ ಅಲೆದಾಟವೇ ಒಂದು ಅತ್ಯಲ್ಪವಾದ ವಿದ್ಯುತ್ತಾಗಿ ತೋರುತ್ತದೆ. ೧೯೨೮ರಲ್ಲಿ ಜಾನ್ಸನ್ ಇದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಇದರ ಗಣಿತವನ್ನು ಕೊಟ್ಟರು. ೧೦,೦೦೦ ಓಮಿನ ರೋಧದಲ್ಲಿ, ಕಿವಿಗೆ ಕೇಳುವ ಕಂಪನಗಳ ವ್ಯಾಪ್ತಿಯಲ್ಲೆಲ್ಲ ಕೂಡಿದರೆ, ಇದು ೧.೮ ಮೈಕ್ರೊವೋಲ್ಟಿನಷ್ಟು, ೨೦೦ ಓಮಿನಲ್ಲಿ ಕಾಲು ಮೈಕ್ರೊವೋಲ್ಟು. ಆದ್ದರಿಂದ ಮುಂತುದಿಯಲ್ಲಿ ರೋಧಗಳು ಎಷ್ಟು ಚಿಕ್ಕವಾದರೆ ಅಷ್ಟು ಮೇಲು. ಹಿಗ್ಗಿಸುವ ಕೆಲಸದ ಬಹುಪಾಲನ್ನು ಮೊದಲನೆಯ ಘಟ್ಟದಲ್ಲಿಯೇ ಮುಗಿಸಬೇಕು. ಹಾಡು ದೊಡ್ಡದಾದ ಮೇಲೆ ಹಿಂದಿನ ಘಟ್ಟಗಳ ಸುಯ್ಯಿಗೆ ಅದನ್ನು ಮುಟ್ಟುವ ಶಕ್ತಿಯಿರುವುದಿಲ್ಲ. ಹಳೆಯ ಇಂಗಾಲದ ರೋಧಗಳು ಗಣಿತ ಹೇಳುವುದಕ್ಕಿಂತಲೂ ಹೆಚ್ಚು ಗದ್ದಲ ಮಾಡುತ್ತವೆ. ಲೋಹದ ತೆಳುಪೊರೆಯವನ್ನು ಹಾಕುವುದು ಒಳ್ಳೆಯದು. ಚಳ್ಳಕೆರೆಯ ಬಿಸಿಲಿನಲ್ಲಿ ಈ ಸದ್ದು ಹೆಚ್ಚುವುದೇ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಹೆಚ್ಚುತ್ತದೆ, ೨೭ ಡಿಗ್ರಿಯಿಂದ ೪೦ ಡಿಗ್ರಿಗೆ ಏರಿದರೆ ನೂರಕ್ಕೆ ಎರಡು ಪಾಲು. ಬೆವರನ್ನು ಒರಸಿಕೊಳ್ಳುವ ಕರವಸ್ತ್ರದ ಸದ್ದು ಅದಕ್ಕಿಂತ ದೊಡ್ಡದು.

ಉಳಿದವನ್ನು ಚುಟುಕಾಗಿ ಹೇಳಿಬಿಡಬಹುದು. ೨ಜಿ ಜಾತಿಯ ಮೊಬೈಲು ಫೋನು ಸೆಕೆಂಡಿಗೆ ೨೧೭ ಬಾರಿ ತನ್ನ ರೇಡಿಯೋ ಅಲೆಯನ್ನು ಹೊತ್ತಿಸಿ ಆರಿಸುತ್ತದೆ. ಮೊದಲ ಘಟ್ಟದ ಟ್ರಾನ್ಸಿಸ್ಟರು ಅದನ್ನು ಹಿಡಿದು ಟರ್ ಟರ್ ಎಂದು ಕೇಳಿಸುತ್ತದೆ. ಅದಕ್ಕೆ ಫೋನನ್ನು ದೂರವಿಡುವುದೇ ಮೊದಲ ಮದ್ದು. ಒಳಬರುವ ದಾರಿಯಲ್ಲಿ ೧೦೦ ಪಿಕೊಫ್ಯಾರಡಿನ ಕೆಪಾಸಿಟರು ಎರಡನೆಯದು. ನಾಟಕದ ದೀಪಗಳನ್ನು ಮಂದ ಮಾಡುವ ಡಿಮ್ಮರು ದೀಪ ಅರ್ಧ ಉರಿಯುವಾಗ ಅತ್ಯಂತ ಹೆಚ್ಚಾಗಿ ಗೊರಗೊರ ಎನ್ನುತ್ತದೆ. ಮೈಕಿನ ತಂತಿಯನ್ನು ಅದರ ತಂತಿಯ ಜೊತೆಯಲ್ಲಿ ಎಳೆಯದೆ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು. ಹಳೆಯ ವಾಲ್ವಿನ ಯಂತ್ರಗಳನ್ನು ಇನ್ನೂ ಇಟ್ಟುಕೊಂಡಿರುವ ಉತ್ಸಾಹಿಗಳಿದ್ದಾರೆ. ಅವುಗಳೊಳಗೆ ೨೫೦ ವೋಲ್ಟು ಇರುವುದು ಸಾಮಾನ್ಯ, ಕೆಪಾಸಿಟರುಗಳು ಸ್ವಿಚ್ಚು ಆರಿಸಿದ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಅವಕ್ಕೆ ಬೆರಳಿಟ್ಟು ಪರೀಕ್ಷೆ ಮಾಡುವುದು ಬೇಡ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ೩೦ ವಾಟಿನ ಯಂತ್ರದಿಂದ ಆಕಾಶವಾಣಿಯನ್ನು ಆರಂಭಿಸಿದಾಗ ಲೋಕವೆಲ್ಲ ವಾಲ್ವಿನ ಮೇಲೆಯೇ ನಿಂತಿತ್ತು.

ಆ ಹಟ್ಟಿಗೆ ನಾನು ಮತ್ತೊಮ್ಮೆ ಹೋಗಿದ್ದೆನು. ಈ ಬಾರಿ ಅಡಾಪ್ಟರನ್ನು ಮನೆಯಲ್ಲಿಯೇ ಬಿಟ್ಟು ಬ್ಯಾಟರಿಗಳನ್ನು ಮಾತ್ರ ಒಯ್ದೆನು. ಮೈಕಿಗೆ ಮೂರೆಳೆಯ ತಂತಿ. ಆರಂಭಿಸುವ ಮುನ್ನ ಹೆಡ್‌ಫೋನನ್ನು ಹಾಕಿಕೊಂಡು ಒಂದು ನಿಮಿಷ ಬರಿಯ ಮೌನವನ್ನು ಮುದ್ರಿಸಿ ಕೇಳಿದೆನು. ದೂರದಲ್ಲಿ ಕುರಿಗಳ ಸದ್ದಲ್ಲದೆ ಬೇರೇನೂ ಇರಲಿಲ್ಲ. ಹೆಡ್‌ಫೋನನ್ನು ಆ ಮನೆಯ ಸೊಸೆಯ ಕೈಗೆ ಕೊಟ್ಟು ಅವರೂ ಕೇಳಲೆಂದೆನು. ಅವರು ನಕ್ಕು, ಕೇಳಿ, ಹಿಂದಿರುಗಿಸಿದರು. ಆ ಮೇಲೆ ಹಾಡಿದರು. ಗಣೆಯ ಉಸಿರು ಸಹ ಸ್ಪಷ್ಟವಾಗಿ ದಾಖಲಾಯಿತು. ಅತ್ತೆಯ ಹಾಡುಗಳಲ್ಲಿ ತಮಗೆ ಬರುವುದು ಅರ್ಧ ಮಾತ್ರವೆಂದು ಅವರು ಮೊದಲೇ ಹೇಳಿದ್ದರು. ಉಳಿದರ್ಧ ನನ್ನ ಆ ಹಳೆಯ ಮುದ್ರಣದಲ್ಲಿದೆ, ಜುಂಯ್ಯೆಂಬ ಸದ್ದಿನ ಕೆಳಗೆ. ಅದರ ಒಂದು ಪ್ರತಿಯನ್ನು ಏನನ್ನೂ ಅಳಿಸದೆ ಹಾಗೆಯೇ ಇಟ್ಟು, ಇನ್ನೊಂದನ್ನು ಕೇಳಿ ಕೇಳಿ ಮಾತುಗಳನ್ನು ಬರೆದುಕೊಳ್ಳುತ್ತಿದ್ದೇನೆ. ತಿಳಿಯದ ಕಡೆಗಳಲ್ಲಿ ಆ ಸೊಸೆಗೆ ಫೋನು ಮಾಡಿ ಕೇಳುತ್ತೇನೆ.